ಕೇರಿಯ ಆಚೆಗೂ ಚಾಚುವ ಒಗ್ಗಟ್ಟು

ಷಿಕಾಗೊದ ಕಸಾಯಿಖಾನೆಗಳ ಹಿಂಬದಿಯ ಬಡಾವಣೆಗೆ ‘ಬ್ಯಾಕ್ ಆಫ್ ದಿ ಯಾರ್ಡ್ಸ್’ ಎಂದೇ ಹೆಸರು. ಅಲ್ಲಿ ಭಾಷೆಗೊಂದು ಚರ್ಚಿತ್ತು: ಪೋಲಿಷರು ಸೇಂಟ್ ಜಾನ್ ಆಫ್ ಗಾಡ್‌ಗೆ, ಲಿಥುವೇನಿಯನ್ನರು ಹೋಲಿ ಕ್ರಾಸ್‌ಗೆ. ವಾರವಿಡೀ ಒಂದೇ ಕಾರ್ಖಾನೆಗಳಲ್ಲಿ ದುಡಿದು ಒಂದೇ ನಾತ ಸಹಿಸುತ್ತಿದ್ದವರು ಭಾನುವಾರ ಬೇರೆ ಬೇರೆ. 1939ರ ಜುಲೈನಲ್ಲಿ ಸಂಘಟಕರಾದ ಸಾಲ್ ಅಲಿನ್ಸ್ಕಿ ಮತ್ತು ಜೋಸೆಫ್ ಮೀಗನ್ ಈ ಚರ್ಚುಗಳನ್ನೂ ಮಾಂಸ ಕಾರ್ಖಾನೆಗಳ ಯೂನಿಯನ್ನನ್ನೂ ಒಂದೇ ನೆರೆಹೊರೆ ಸಮಿತಿಗೆ ತಂದರು. ಎರಡೇ ದಿನದಲ್ಲಿ ಸಹಾಯಕ ಬಿಷಪ್ ಬರ್ನಾರ್ಡ್ ಶೀಲ್ ಅವರು ಕಾರ್ಮಿಕ ನಾಯಕ ಜಾನ್ ಎಲ್. ಲೂಯಿಸ್ ಜೊತೆ ವೇದಿಕೆ ಹತ್ತಿದರು. ಧರ್ಮಗುರುವಿಗೆ ಯೂನಿಯನ್ ಉಸಾಬರಿ ಯಾಕೆ ಎಂದು ಕೇಳಬಹುದು. ಕಾರ್ಮಿಕರಿಗೆ ಸಂಘ ಕಟ್ಟುವ ಹಕ್ಕಿದೆಯೆಂದು ಪೋಪ್ ಹದಿಮೂರನೇ ಲಿಯೋ 1891ರಲ್ಲೇ ಹೇಳಿದ್ದರು. ಹಸಿದವನಿಗೆ ಗಂಜಿ ಬಡಿಸಿ, ಅವನ ಕೂಲಿಯ ಮಾತು ಬಂದಾಗ ಸುಮ್ಮನಾಗುವ ಚರ್ಚು ಅವನ ಜೊತೆಗಿದೆ ಎನ್ನುವುದು ಹೇಗೆ?

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಒಗ್ಗಟ್ಟು ಹುಟ್ಟುವುದೇ ತಮ್ಮವರ ನಡುವೆ. ಹೊರಗಿನವರು ಬಂದರೆ ಅದೇ ಅವರನ್ನು ತಡೆಯುತ್ತದೆ. ಷಿಕಾಗೊ ಇದನ್ನು ಕಣ್ಣಾರೆ ಕಂಡಿದೆ. ಆ ಸಮಿತಿಯೇ ಮುಂದೆ ಕಪ್ಪು ಜನರನ್ನು ಬಡಾವಣೆಯಿಂದ ದೂರವಿಡಲು ನಿಂತಿತು. ಅಲಿನ್ಸ್ಕಿ ಅದನ್ನು ಬಹಿರಂಗವಾಗಿ ಟೀಕಿಸಿದರು. 1966ರ ಆಗಸ್ಟ್ 5ರಂದು ಮಾರ್ಕೆಟ್ (Marquette) ಪಾರ್ಕ್‌ನಲ್ಲಿ ಕಪ್ಪು ಜನರ ವಸತಿ ಹಕ್ಕಿಗಾಗಿ ಮೆರವಣಿಗೆ ಹೊರಟ ಮಾರ್ಟಿನ್ ಲೂಥರ್ ಕಿಂಗ್ ಅವರ ತಲೆಗೆ ಕಲ್ಲು ಬಿತ್ತು. ಕೂಗಾಡಿದ ಗುಂಪಿನಲ್ಲಿ ಕ್ಯಾಥೊಲಿಕರಿದ್ದರು. ಮೆರವಣಿಗೆಯಲ್ಲಿದ್ದ ಸನ್ಯಾಸಿನಿಯರನ್ನೂ ಅವರು ಬಿಡಲಿಲ್ಲ. ಈ ನೋವನ್ನು ಮರೆಮಾಚಿ ಒಗ್ಗಟ್ಟನ್ನು ಹೊಗಳುವುದು ತಪ್ಪು. ಆದರೂ ಅದೇ ಊರಿನ ಮಾಂಸ ಕಾರ್ಖಾನೆಗಳ ಯೂನಿಯನ್ನಿನಲ್ಲಿ ಕಪ್ಪು, ಬಿಳಿ ಕಾರ್ಮಿಕರು ಒಟ್ಟಿಗಿದ್ದರು. ಹಾಗಾಗಿ ಗೋಡೆ ಕಟ್ಟುವುದು ಒಗ್ಗಟ್ಟಿನ ಹುಟ್ಟುಗುಣವೆಂದು ನಾನು ಒಪ್ಪಲಾರೆ. ಎರಡನೇ ಜಾನ್ ಪಾಲ್ 1987ರಲ್ಲಿ ಬರೆದ ವಿಶ್ವಪತ್ರದ ಆಶಯವೂ ಇದೇ: ಮರುಕಪಟ್ಟರೆ ಸಾಲದು, ಎಲ್ಲರ ಹಿತಕ್ಕೆ ಎಲ್ಲರೂ ಹೊಣೆ ಎಂದು ಗಟ್ಟಿಮನಸ್ಸು ಮಾಡಬೇಕು. ಆ ‘ಎಲ್ಲರ’ಲ್ಲಿ ಪಕ್ಕದ ಕೇರಿಯವರಿಗೂ ಪಾಲಿದೆ.

ಡೆಟ್ರಾಯಿಟ್‌ನಲ್ಲಿ ಆ ಹೊಣೆಯನ್ನು ಹೊತ್ತವರಿದ್ದರು. ಅಲ್ಲಿ 1967ರ ಜನಾಂಗೀಯ ದಂಗೆಯಲ್ಲಿ 43 ಜನ ಸತ್ತ ಮೇಲೆ ಬಿಳಿಯರು ಊರು ಬಿಡುವುದು ಇನ್ನೂ ಹೆಚ್ಚಿತು. ಆಗ ಐದು ಮಕ್ಕಳ ತಾಯಿ ಎಲಿನರ್ ಜೊಸೈಟಿಸ್ ಹೊರವಲಯದ ಮನೆ ಬಿಟ್ಟು ಸಂಸಾರ ಸಮೇತ ಊರೊಳಕ್ಕೆ ಬಂದರು. ಪಾದ್ರಿ ವಿಲಿಯಂ ಕನಿಂಗ್‌ಹ್ಯಾಮ್ ಜೊತೆ 1968ರಲ್ಲಿ ‘ಫೋಕಸ್: ಹೋಪ್’ ಕಟ್ಟಿದರು. ಬಸುರಿಯರಿಗೆ, ಎಳೆಮಕ್ಕಳಿಗೆ ಆಹಾರ ಹಂಚಿದ ಸಂಸ್ಥೆ ಅಷ್ಟಕ್ಕೇ ನಿಲ್ಲಲಿಲ್ಲ. ವಾಹನ ಕಾರ್ಖಾನೆಗಳಲ್ಲಿ ಒಳ್ಳೆಯ ಸಂಬಳದ ಕುಶಲ ಕೆಲಸಗಳು ಬಹುಕಾಲ ಬಿಳಿಯರ ಪಾಲಾಗಿದ್ದವು. 1981ರಲ್ಲಿ ಸಂಸ್ಥೆ ಯಂತ್ರ ಕೆಲಸದ ತರಬೇತಿ ಶಾಲೆ ತೆರೆದು, ಆ ಕೆಲಸಗಳಿಗೆ ಬೇಕಾದ ಲೇತ್, ಮಿಲ್ಲಿಂಗ್ ವಿದ್ಯೆಯನ್ನು ಊರಿನ ಕಪ್ಪು ಯುವಕರಿಗೂ ಕಲಿಸತೊಡಗಿತು.