ಅಕ್ಕಿ ಗಿರಣಿಯ ಹಬೆ ಕವಾಟ: ಸುಗ್ಗಿಗೆ ಮುನ್ನ ಆಗಬೇಕಾದ ದುರಸ್ತಿ

ಶಿಕಾರಿಪುರ ಹಾಗೂ ಸೊರಬ ತಾಲ್ಲೂಕುಗಳ ಕೆರೆಗಳನ್ನು ಬಲ್ಲವರಿಗೆ ನಿಯಂತ್ರಣ ಕವಾಟದ ತತ್ತ್ವವನ್ನು ಹೊಸದಾಗಿ ವಿವರಿಸಬೇಕಾಗಿಲ್ಲ. ಹಳೆಯ ಕೆರೆಯ ತೂಬಿನಲ್ಲಿ ಎರಡು ಕಲ್ಲುಕಂಬಗಳ ನಡುವೆ ಇಳಿಬಿಟ್ಟ ಕೋಲು, ಕೋಲಿನ ತುದಿಗೊಂದು ಬೆಣೆ, ಬೆಣೆ ಕೂರಲು ತಳದ ಕಲ್ಲಿನಲ್ಲೊಂದು ದುಂಡು ರಂಧ್ರ. ನೀರುಗಂಟಿ ಎಷ್ಟು ಎತ್ತುತ್ತಾನೋ ಅಷ್ಟು ನೀರು ಗದ್ದೆಗೆ. ಬೆಣೆ ಸವೆದರೆ ಅಥವಾ ರಂಧ್ರದ ಅಂಚು ಮುಕ್ಕಾದರೆ ಮುಚ್ಚಿದ ತೂಬೂ ಸೋರುತ್ತದೆ. ಅಕ್ಕಿ ಗಿರಣಿಯ ಹಬೆ ಕೊಳವೆಯ ಮೇಲೆ ಕುಳಿತಿರುವ ಕಂಟ್ರೋಲ್ ವಾಲ್ವ್ ಕೂಡ ಇದೇ ರಚನೆಯದು: ಬೆಣೆಯ ಸ್ಥಾನದಲ್ಲಿ ಪ್ಲಗ್, ರಂಧ್ರದ ಅಂಚಿನ ಸ್ಥಾನದಲ್ಲಿ ಸೀಟ್, ಕೋಲಿನ ಸ್ಥಾನದಲ್ಲಿ ಸ್ಟೆಮ್, ನೀರುಗಂಟಿಯ ಸ್ಥಾನದಲ್ಲಿ ಗಾಳಿಯ ಒತ್ತಡದಿಂದ ನಡೆಯುವ ಡಯಾಫ್ರಂ.

ಕುಸುಬಲಕ್ಕಿ ಹಾಗೂ ಸ್ಟೀಮ್ ಅಕ್ಕಿ ತಯಾರಿಸುವ ಗಿರಣಿಗಳಲ್ಲಿ ಹಬೆಗೆ ಎರಡು ಕೆಲಸ. ಭತ್ತವನ್ನು ಬೇಯಿಸುವುದು ಒಂದು. ಡ್ರೈಯರಿಗೆ ಹೋಗುವ ಗಾಳಿಯನ್ನು ಕಾಯಿಸುವುದು ಮತ್ತೊಂದು. ನೆನೆಸಿ ಬೇಯಿಸಿದ ಭತ್ತದಲ್ಲಿ ಶೇ. 30ಕ್ಕೂ ಮಿಗಿಲಾದ ತೇವಾಂಶವಿರುತ್ತದೆ, ಅದನ್ನು ಶೇ. 13-14ಕ್ಕೆ ಇಳಿಸಬೇಕು. ತೇವ ಶೇ. 18ರ ಆಸುಪಾಸಿಗೆ ಬಂದ ಮೇಲೆ ಬಿಸಿಗಾಳಿಯ ಹದ ತಪ್ಪಿದರೆ ಕಾಳಿನೊಳಗೆ ಬಿರುಕು ಮೂಡಿ, ಗಿರಣಿಗೆ ಹಾಕಿದಾಗ ಅಕ್ಕಿ ನುಚ್ಚಾಗುತ್ತದೆ. ನುಚ್ಚು ಹೆಚ್ಚಾಯಿತೆಂದು ರಬ್ಬರ್ ರೋಲ್ ಬದಲಿಸುವವರು, ಪಾಲಿಷರ್ ಬಿಚ್ಚುವವರು ಹಲವರು. ಡ್ರೈಯರಿನ ಕವಾಟವನ್ನು ನೋಡುವವರು ವಿರಳ. ಕೈಯಿಂದ ತಿರುಗಿಸುವ ಗ್ಲೋಬ್ ವಾಲ್ವನ್ನೇ ನೆಚ್ಚಿಕೊಂಡಿರುವ ಗಿರಣಿಗಳಿಗೂ ಸೀಟ್ ಹಾಗೂ ಪ್ಯಾಕಿಂಗ್ ಕುರಿತು ಮುಂದೆ ಹೇಳುವ ಮಾತುಗಳು ಅನ್ವಯಿಸುತ್ತವೆ.

ಸೋರಿಕೆಯ ಲೆಕ್ಕವನ್ನೊಮ್ಮೆ ನೋಡೋಣ. 7 ಬಾರ್ ಒತ್ತಡದ ಕೊಳವೆಯಲ್ಲಿ 3 ಮಿ.ಮೀ. ವ್ಯಾಸದ ರಂಧ್ರವಿದ್ದರೆ ಅದರ ಮೂಲಕ ಗಂಟೆಗೆ ಸುಮಾರು 25ರಿಂದ 30 ಕಿಲೋ ಹಬೆ ಹೊರಹೋಗುತ್ತದೆ. ಒಂದು ಕಿಲೋ ಹೊಟ್ಟು ಉರಿಸಿದರೆ ಸಾಧಾರಣ ಬಾಯ್ಲರಿನಲ್ಲಿ ಸುಮಾರು ಮೂರು ಕಿಲೋ ಹಬೆ ದೊರೆಯುತ್ತದೆಂದು ಹಿಡಿದರೂ, ದಿನಕ್ಕೆ 20 ಗಂಟೆ ನಡೆಯುವ ಗಿರಣಿಯಲ್ಲಿ ನಿತ್ಯ ಎರಡು ಕ್ವಿಂಟಾಲಿನಷ್ಟು ಹೊಟ್ಟು ವ್ಯರ್ಥ. ನೂರು ದಿನಗಳ ಹಂಗಾಮಿಗೆ ಇದು ಇಪ್ಪತ್ತು ಟನ್ ಆಗುತ್ತದೆ. ಹೊಟ್ಟು ನಮ್ಮದೇ ಅಲ್ಲವೆ ಎಂಬ ಉದಾಸೀನ ಸಲ್ಲದು. ಉಳಿದ ಹೊಟ್ಟಿಗೂ ಕೊಳ್ಳುವವರಿದ್ದಾರೆ.

ಹೊರಗೆ ಕಾಣುವ ಸೋರಿಕೆಯು ಬಹುಮಟ್ಟಿಗೆ ಗ್ಲ್ಯಾಂಡಿನದು. ಸ್ಟೆಮ್ ಹೊರಬರುವಲ್ಲಿ ಹಬೆ ಕಂಡೊಡನೆ ಸ್ಪ್ಯಾನರ್ ತಂದು ನಟ್ ಬಿಗಿಯುವುದು ನಮ್ಮ ಬಾಯ್ಲರ್ ಮನೆಗಳ ರೂಢಿ. ಕಾಲು ಸುತ್ತು ಬಿಗಿಯುವುದರಲ್ಲಿ ತಪ್ಪಿಲ್ಲ. ಆದರೆ ಪ್ಯಾಕಿಂಗ್ ಜೀವ ಕಳೆದುಕೊಂಡ ಮೇಲೂ ಬಿಗಿಯುತ್ತಲೇ ಹೋದರೆ ಸ್ಟೆಮ್ ಹಿಡಿದುಕೊಳ್ಳುತ್ತದೆ. ಆಗ ಕಂಟ್ರೋಲರ್ ಸೂಚನೆ ಕೊಟ್ಟರೂ ಕವಾಟ ಅಲುಗದು. ಒತ್ತಡ ಹೆಚ್ಚಿದಾಗ ಒಮ್ಮೆಲೇ ಜಿಗಿಯುತ್ತದೆ. ಡ್ರೈಯರಿನ ಉಷ್ಣತೆ ಏರಿಳಿದು ಹೊಯ್ದಾಡುವುದಕ್ಕೆ ಇದು ಬಲವಾದ ಕಾರಣ. ಹಳೆಯ ಉಂಗುರಗಳ ಮೇಲೆ ಹೊಸದೊಂದನ್ನು ತುರುಕುವುದೂ ದುರಸ್ತಿಯಲ್ಲ. ಎಲ್ಲ ಉಂಗುರಗಳನ್ನೂ ತೆಗೆದು, ಸ್ಟೆಮ್ಮಿನ ಮೇಲೆ ಗೀರುಗಳಿವೆಯೇ ಎಂದು ಉಗುರಾಡಿಸಿ ನೋಡಿ, ಹೊಸ ಉಂಗುರಗಳ ಕೂಡುಗಳು ಒಂದರ ಮೇಲೊಂದು ಬಾರದಂತೆ ಸರಿಸಿ ಕೂರಿಸಬೇಕು. ಎರಡೂ ನಟ್‌ಗಳನ್ನು ಸಮನಾಗಿ ಬಿಗಿಯಬೇಕು.

ಸೀಟಿನ ಸೋರಿಕೆ ಕಣ್ಣಿಗೆ ಬೀಳದು. ಕವಾಟ ಪೂರ್ಣ ಮುಚ್ಚಿದ್ದರೂ ಮುಂದಿನ ಕೊಳವೆ ಬಿಸಿಯಾಗಿಯೇ ಇದ್ದರೆ ಅದರ ಸುಳಿವು ಸಿಗುತ್ತದೆ. ಬಿಚ್ಚಿದಾಗ ಸೀಟಿನ ಅಂಚಿನಲ್ಲಿ ತಂತಿಯಿಂದ ಕೊರೆದಂತೆ ಸಣ್ಣ ಗೆರೆಗಳು ಕಂಡರೆ, ಹಸಿ ಹಬೆಯು ಕಿರಿದಾದ ಸಂದಿಯಲ್ಲಿ ವೇಗವಾಗಿ ನುಗ್ಗಿ ಲೋಹವನ್ನು ಕಡಿದಿದೆ ಎಂದರ್ಥ. ಅಗತ್ಯಕ್ಕಿಂತ ದೊಡ್ಡ ಕವಾಟ ಕೂರಿಸಿದಲ್ಲಿ ಅದು ಸದಾ ತುಸುವೇ ತೆರೆದಿದ್ದು ಈ ಕೊರೆತ ಬೇಗ ಬರುತ್ತದೆ. ಗೆರೆ ಆಳವಿಲ್ಲದಿದ್ದರೆ ಕಾರ್ಬೋರಂಡಮ್ ಪೇಸ್ಟ್ ಹಚ್ಚಿ, ಮೊದಲು ಒರಟಿನಲ್ಲಿ ಅನಂತರ ನಯದಲ್ಲಿ, ಪ್ಲಗ್ಗನ್ನು ಸೀಟಿಗೆ ಉಜ್ಜಿ ಕೂರಿಸಬಹುದು. ಬಳಿಕ ನೀಲಿ ಬಣ್ಣ ಸವರಿ ಒತ್ತಿದರೆ ಸುತ್ತಲೂ ಒಂದೇ ಅಗಲದ, ಎಲ್ಲಿಯೂ ಕಡಿಯದ ಗೆರೆ ಮೂಡಬೇಕು. ಕೊರೆತ ಆಳವಾಗಿದ್ದರೆ ಉಜ್ಜುವುದು ವ್ಯರ್ಥ. ಸೀಟ್ ಉಂಗುರವನ್ನೇ ಬದಲಿಸಬೇಕು.

ಇಲ್ಲಿ ಲೇತ್ ಅಂಗಡಿಗಳ ಮಾತು ಬರುತ್ತದೆ. ನಮ್ಮ ತಾಲ್ಲೂಕು ಕೇಂದ್ರಗಳ ಲೇತ್ ಕೆಲಸಗಾರರ ಕೈಚಳಕದ ಬಗ್ಗೆ ಸಂಶಯವಿಲ್ಲ. ಗ್ಲ್ಯಾಂಡ್ ಬುಷ್, ಫ್ಲೇಂಜಿನ ಮುಖ ಇತ್ಯಾದಿಗಳನ್ನು ಅವರು ಸೊಗಸಾಗಿ ಮಾಡಿಕೊಡಬಲ್ಲರು. ಆದರೆ ಪ್ಲಗ್ಗಿನ ಮೈಯ ಬಾಗು ಅಲಂಕಾರಕ್ಕಲ್ಲ. ಕವಾಟ ಎಷ್ಟು ತೆರೆದಾಗ ಎಷ್ಟು ಹಬೆ ಹೋಗಬೇಕೆಂಬ ಲೆಕ್ಕವೇ ಆ ಬಾಗಿನಲ್ಲಿದೆ. ಅದನ್ನು ಕಣ್ಣಳತೆಯಲ್ಲಿ ಕಡೆಸಿದರೆ ಕವಾಟ ಮುಚ್ಚೀತು, ತೆರೆದೀತು, ನಿಯಂತ್ರಿಸದು. ಆದ್ದರಿಂದ ಪ್ಲಗ್ ಮತ್ತು ಸೀಟನ್ನು ತಯಾರಕರಿಂದಲೇ ತರಿಸುವುದು ಮೇಲು.

ಗಾಳಿಯ ಕಡೆಗೂ ಗಮನವಿರಲಿ. ಮಳೆಗಾಲದಲ್ಲಿ ಕಂಪ್ರೆಸರಿನ ಟ್ಯಾಂಕಿನಲ್ಲಿ ನೀರು ಬೇಗ ತುಂಬುತ್ತದೆ. ಆ ನೀರಿಗೆ ಎಣ್ಣೆ, ತೌಡಿನ ದೂಳು ಸೇರಿದರೆ ಪೊಸಿಷನರಿನ ಸೂಕ್ಷ್ಮ ರಂಧ್ರ ಕಟ್ಟಿಕೊಳ್ಳುತ್ತದೆ. ನಿತ್ಯ ನೀರು ಬಿಡುವುದು, ಫಿಲ್ಟರ್ ತೊಳೆಯುವುದು ಐದು ನಿಮಿಷದ ಕೆಲಸ. ದುರಸ್ತಿಯ ಬಳಿಕ 4, 8, 12, 16, 20 ಮಿಲಿಆಂಪಿಯರ್ ಸಂಕೇತ ಕೊಟ್ಟು, ಸ್ಟೆಮ್ ಕ್ರಮವಾಗಿ ಶೇ. 0, 25, 50, 75, 100ರಲ್ಲಿ ನಿಲ್ಲುವುದೇ ಎಂದು ಏರುವಾಗಲೂ ಇಳಿಯುವಾಗಲೂ ಪರೀಕ್ಷಿಸಬೇಕು. ಗಾಳಿ ನಿಂತಾಗ ಡ್ರೈಯರಿನ ಹಬೆ ಕವಾಟವು ಸ್ಪ್ರಿಂಗಿನ ಬಲದಿಂದ ತಾನಾಗಿ ಮುಚ್ಚಿಕೊಳ್ಳುತ್ತದೆಯೇ ಎಂಬುದನ್ನೂ ಅಂದೇ ನೋಡಿಕೊಳ್ಳುವುದು.

ಕಂಟ್ರೋಲ್ ವಾಲ್ವ್ ಬೇರೆ, ಬಾಯ್ಲರಿನ ಸುರಕ್ಷಾ ಕವಾಟ ಬೇರೆ. ಮೊದಲನೆಯದನ್ನು ನುರಿತ ಫಿಟ್ಟರ್ ಬಿಚ್ಚಬಹುದು. ಅದೂ ಎರಡೂ ಬದಿಯ ಕವಾಟ ಮುಚ್ಚಿ, ಒತ್ತಡ ಶೂನ್ಯಕ್ಕಿಳಿದು, ಕೊಳವೆ ತಣ್ಣಗಾದ ಮೇಲೆ. ಸುರಕ್ಷಾ ಕವಾಟ ಪದೇ ಪದೇ ಹಾರುತ್ತದೆಂದು ಅದರ ಸ್ಪ್ರಿಂಗ್ ಬಿಗಿಯುವುದನ್ನಾಗಲಿ, ಸೀಲ್ ಮುರಿಯುವುದನ್ನಾಗಲಿ ಯಾರೂ ಮಾಡಕೂಡದು. 2024ರ ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಯ ಭದ್ರಾವತಿಯಲ್ಲಿಯೇ ಅಕ್ಕಿ ಗಿರಣಿಯೊಂದರ ಬಾಯ್ಲರ್ ಸಿಡಿದು ಕಾರ್ಮಿಕರೊಬ್ಬರು ಜೀವ ಕಳೆದುಕೊಂಡರು, ಹಲವರು ಗಾಯಗೊಂಡರು. ಬಾಯ್ಲರಿನಲ್ಲಿ ಸಂಗ್ರಹವಾಗಿರುವ ಶಕ್ತಿ ಎಷ್ಟೆಂಬುದು ಅಂದು ಎಲ್ಲರಿಗೂ ತಿಳಿಯಿತು. 1923ರ ಬಾಯ್ಲರ್ ಅಧಿನಿಯಮದ ಸ್ಥಾನದಲ್ಲಿ ಈಗ 2025ರ ಅಧಿನಿಯಮ ಜಾರಿಯಲ್ಲಿದೆ. ಬಾಯ್ಲರಿಗೆ ಅಥವಾ ಅದಕ್ಕೆ ಸೇರಿದ ಹಬೆ ಕೊಳವೆಗೆ ಮಾರ್ಪಾಡು ಮಾಡುವ ಮುನ್ನ ಮುಖ್ಯ ನಿರೀಕ್ಷಕರ ಅನುಮತಿ ಪಡೆಯಬೇಕೆಂಬುದನ್ನು ಮಾಲೀಕರು ಮರೆಯಬಾರದು.

ಕವಾಟ ಬಿಚ್ಚಲು ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳು ಪ್ರಶಸ್ತ. ನವೆಂಬರಿನಲ್ಲಿ ಹೊಸ ಭತ್ತ ಬರತೊಡಗಿದ ಮೇಲೆ ಗಿರಣಿ ನಿಲ್ಲಿಸಲು ಯಾರಿಗೂ ಮನಸ್ಸಾಗದು. ಬಿಡಿಭಾಗ ತರಿಸುವವರು ಕವಾಟದ ಮೇಲಿನ ತಗಡಿನ ಪಟ್ಟಿಯಲ್ಲಿರುವ ಕ್ರಮಸಂಖ್ಯೆ, ಅಳತೆ, ಸ್ಪ್ರಿಂಗಿನ ಒತ್ತಡದ ವ್ಯಾಪ್ತಿ ಇವುಗಳನ್ನು ಮೊದಲೇ ಬರೆದಿಟ್ಟುಕೊಳ್ಳತಕ್ಕದ್ದು. ಹಲವು ಗಿರಣಿಗಳಲ್ಲಿ ಆ ಪಟ್ಟಿಯ ಮೇಲೆ ಬಣ್ಣ ಬಳಿದಿರುತ್ತಾರೆ. ಚಿಂದಿಗೆ ಥಿನ್ನರ್ ಹಚ್ಚಿ ಉಜ್ಜಿದರೆ ಅಕ್ಷರಗಳು ಕಾಣುತ್ತವೆ.