ಆನ್‌ಲೈನ್ ಸಮೀಕ್ಷೆ: ಪ್ರಶ್ನೆಗಳನ್ನು ಆರಿಸುವ ಬಗೆ



ಬರುವ ಮಳೆಗಾಲಕ್ಕೆ ಮೈಲುತುತ್ತು, ಸುಣ್ಣ ಎಷ್ಟು ದಾಸ್ತಾನು ಮಾಡಬೇಕೆಂಬುದನ್ನು ಈ ಸಲ ಅಂದಾಜಿಗೆ ಬಿಡದೆ, ಸದಸ್ಯರಿಂದಲೇ ಮೊಬೈಲ್ ಮೂಲಕ ಕೇಳಿ ತಿಳಿಯಬೇಕೆಂದು ನಿಶ್ಚಯಿಸಿದ್ದೇವೆ. ದಾಸ್ತಾನು ಕಡಿಮೆಯಾದರೆ, ಮಳೆ ಬಿಡುವು ಕೊಟ್ಟ ಎರಡು ದಿನಗಳಲ್ಲಿ ಔಷಧಿ ಸಿಗದೆ ಕಾಯಿ ಉದುರುವುದು ನಮ್ಮ ತೋಟಗಳಲ್ಲಿಯೇ. ಹೆಚ್ಚಾದರೆ ಸಂಘದ ಹಣ ಗೋದಾಮಿನಲ್ಲಿ ಕೂರುತ್ತದೆ.

ನಮೂನೆಯ ಕರಡನ್ನು ಸಿದ್ಧಪಡಿಸಿದವರು ಯಲಹಂಕ, ಹೆಬ್ಬಾಳ, ಆರ್.ಟಿ. ನಗರಗಳಲ್ಲಿ ನೆಲೆಸಿರುವ ನಮ್ಮ ಸದಸ್ಯರ ಮಕ್ಕಳು. ಒಂದು ಭಾನುವಾರ ಯಲಹಂಕದಲ್ಲಿ ಅವರೊಡನೆ ಕುಳಿತು ಅದನ್ನು ಓದಿದೆವು. ಕಂಪ್ಯೂಟರ್ ಅವರಿಗೆ ಗೊತ್ತು, ತೋಟ ನಮಗೆ ಗೊತ್ತು; ಎರಡೂ ಕೂಡಿದ ಮೇಲೆಯೇ ತಪ್ಪುಗಳು ಕಂಡವು. ಬಿತ್ತಿದಂತೆ ಬೆಳೆ ಎನ್ನುವ ಹಾಗೆ, ಕೇಳಿದ ಬಗೆಯಂತೆಯೇ ಉತ್ತರ ಬರುತ್ತದೆ.

ಒಂದೋ, ಹಲವೋ? ಕರಡಿನಲ್ಲಿ "ತಮ್ಮ ಬೆಳೆ ಯಾವುದು?" ಎಂದು ಕೇಳಿ ಕಾಫಿ, ಅಡಿಕೆ, ಮೆಣಸು ಎಂಬ ಮೂರು ಉತ್ತರಗಳ ಮುಂದೆ ದುಂಡನೆಯ ಗುರುತು ಇಡಲಾಗಿತ್ತು. ದುಂಡು ಗುರುತಿನಲ್ಲಿ ಒಂದನ್ನು ಮಾತ್ರ ಆರಿಸಬಹುದು. ಅಡಿಕೆಯ ನಡುವೆ ಕಾಫಿ, ಮರಕ್ಕೆ ಮೆಣಸಿನ ಬಳ್ಳಿ ಇರುವ ಬೆಳೆಗಾರ ಏನು ಮಾಡಬೇಕು? ಅಡಿಕೆ ಎಂದು ಒತ್ತಿದರೆ ಅವನ ಮೆಣಸು ಲೆಕ್ಕದಿಂದಲೇ ಹೋಗುತ್ತದೆ. ಇಂಥಲ್ಲಿ ಚೌಕದ ಗುರುತು ಬೇಕು; ಅದರಲ್ಲಿ ಎಷ್ಟನ್ನು ಬೇಕಾದರೂ ಆರಿಸಬಹುದು. 2020ರ ಮುಂಗಾರಿನಲ್ಲಿ ಸರ್ಕಾರ ಬೆಳೆ ಸಮೀಕ್ಷೆಯ ಆಪ್ ತಂದಾಗ ನಮ್ಮಲ್ಲಿ ಹಲವರು ಸರ್ವೆ ನಂಬರಿನಲ್ಲಿ ನಿಂತು ತಾವೇ ಚಿತ್ರ ತೆಗೆದು ದಾಖಲಿಸಿದ್ದುಂಟು. ದಾಖಲೆಯಲ್ಲಿ ಇಲ್ಲದ ಬೆಳೆಗೆ ಮುಂದೆ ಪರಿಹಾರ ಕೇಳುವುದು ಎಷ್ಟು ಕಷ್ಟವೆಂದು ಹೇಳಬೇಕಾಗಿಲ್ಲ.

ಅಂಕಿಯ ಪ್ರಶ್ನೆ. "ತೋಟದ ವಿಸ್ತೀರ್ಣ?" ಎಂದು ಒಂದೇ ಮನೆ ಕೊಟ್ಟರೆ, ಒಂದು ಎಕರೆ ಇಪ್ಪತ್ತು ಗುಂಟೆಯವರು 1.20 ಎಂದು ಬರೆಯುತ್ತಾರೆ. ಕಂಪ್ಯೂಟರ್ ಅದನ್ನು ಒಂದೂಕಾಲಿಗಿಂತ ತುಸು ಕಡಿಮೆ, ಅಂದರೆ 1 ಎಕರೆ 8 ಗುಂಟೆ ಎಂದು ಓದುತ್ತದೆ. ಒಂದೂವರೆ ಎಕರೆ ತೋಟದಲ್ಲಿ 12 ಗುಂಟೆ ಮಾಯ! ಆದ್ದರಿಂದ ಎಕರೆಗೆ ಒಂದು ಮನೆ, ಗುಂಟೆಗೆ ಇನ್ನೊಂದು ಮನೆ ಇರತಕ್ಕದ್ದು. ಕಾಫಿ ಮೂಟೆಯಲ್ಲೋ ಕಿಲೋದಲ್ಲೋ, ಅಡಿಕೆ ಹಸಿಯೋ ಒಣಗಿದ್ದೋ ಎಂಬುದನ್ನೂ ಪ್ರಶ್ನೆಯಲ್ಲೇ ಹೇಳಬೇಕು.

ಹೌದು–ಇಲ್ಲ. "ಸಕಾಲಕ್ಕೆ ಔಷಧಿ ಹೊಡೆದಿರಾ?" ಎಂದು ಕೇಳಿದರೆ ಇಲ್ಲ ಎನ್ನುವವರು ಅಪರೂಪ. "ಕಳೆದ ಮಳೆಗಾಲದಲ್ಲಿ ಅಡಿಕೆಗೆ ಎಷ್ಟು ಸಲ ಹೊಡೆದಿರಿ? ಇಲ್ಲ, 1, 2, 3 ಅಥವಾ ಹೆಚ್ಚು" ಎಂದು ಕೇಳಿದರೆ ನಿಜ ಹೊರಬರುತ್ತದೆ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಡಾ. ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಪ್ರಕಟಿಸಿದರು. ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಸೂಚಿಸಿದವರೂ ಅವರೇ. ಮುಂದೆ 1913ರಲ್ಲಿ ಹೆಬ್ಬಾಳದ ಕೃಷಿ ಶಾಲೆ ಆರಂಭವಾದದ್ದೂ ಅವರ ಕಾಲದಲ್ಲಿ. ಆದರೆ ಕೊಳೆರೋಗ ಕಾಫಿಗೂ ಇದೆ. ಯಾವ ಬೆಳೆಯದೆಂದು ಹೇಳದೆ "ಕೊಳೆರೋಗ ಬಂದಿತ್ತೇ?" ಎಂದರೆ ಎರಡು ರೋಗಗಳ ಲೆಕ್ಕ ಒಂದರಲ್ಲಿ ಬೆರೆಯುತ್ತದೆ.

ಅಭಿಪ್ರಾಯದ ಅಳತೆ. ಸಂಘದ ಸೇವೆ ಹೇಗಿದೆ ಎನ್ನುವುದಕ್ಕೆ ಐದು ಮೆಟ್ಟಿಲಿನ ಅಳತೆ ಒಳ್ಳೆಯದು: ಬಹಳ ತೃಪ್ತಿ, ತೃಪ್ತಿ, ಎರಡೂ ಇಲ್ಲ, ಅತೃಪ್ತಿ, ಬಹಳ ಅತೃಪ್ತಿ. ಈ ಬಗೆಯ ಅಳತೆಯನ್ನು 1932ರಲ್ಲಿ ಕೊಟ್ಟವರು ಅಮೆರಿಕದ ರೆನ್ಸಿಸ್ ಲೈಕರ್ಟ್. ಒಳ್ಳೆಯದರ ಕಡೆ ಮೂರು, ಕೆಟ್ಟದ್ದರ ಕಡೆ ಒಂದು ಮೆಟ್ಟಿಲಿಟ್ಟರೆ ಅದು ತಕ್ಕಡಿಯನ್ನು ಬೆರಳಿನಿಂದ ಒತ್ತಿದಂತೆ.

ಬರೆದು ತಿಳಿಸುವ ಪ್ರಶ್ನೆ. ಲೈಕರ್ಟರೇ 1939ರಿಂದ ತಮ್ಮ ದೇಶದ ಕೃಷಿ ಇಲಾಖೆಯಲ್ಲಿ ರೈತರ ಅಭಿಪ್ರಾಯ ಸಂಗ್ರಹಿಸುವಾಗ, ಅವರ ಮಾತಿನಲ್ಲೇ ಹೇಳಲು ಬಿಡುವ ಪ್ರಶ್ನೆಗಳನ್ನು ಬಳಸಿದರು. ಉತ್ತರ ಏನಿರಬಹುದೆಂದು ನಮಗೇ ತಿಳಿಯದಿದ್ದಾಗ ಇದೇ ಸರಿ. ಆದರೆ ಫೋನಿನಲ್ಲಿ ಉದ್ದಕ್ಕೆ ಬರೆಯುವುದು ವಯಸ್ಸಾದವರಿಗೆ ತ್ರಾಸ. ಆದಕಾರಣ ಮೊದಲು ಹತ್ತು ಮಂದಿ ಸದಸ್ಯರನ್ನು ಬಾಯಿಮಾತಿನಲ್ಲಿ ಕೇಳಿ, ಅವರು ಹೇಳಿದ ಕಾರಣಗಳನ್ನೇ ಪಟ್ಟಿ ಮಾಡಿ, ಕೊನೆಯಲ್ಲಿ "ಇತರೆ" ಎಂಬ ಮನೆ ಸೇರಿಸಲಿದ್ದೇವೆ. ಅಡ್ಡಸಾಲು, ಉದ್ದಸಾಲುಗಳ ದೊಡ್ಡ ಕೋಷ್ಟಕವನ್ನು ಕೈಬಿಟ್ಟಿದ್ದೇವೆ. ಸಣ್ಣ ಪರದೆಯಲ್ಲಿ ಅದರ ಅರ್ಧ ಭಾಗ ಕಾಣುವುದೇ ಇಲ್ಲ.

ಕೊನೆಯದಾಗಿ, ನಮೂನೆಯ ಮೊದಲನೆಯ ಪ್ರಶ್ನೆ "ತುಂಬುತ್ತಿರುವವರು ಯಾರು: ಬೆಳೆಗಾರರೇ, ಮನೆಯವರೇ?" ಎಂದಿರುತ್ತದೆ. ತಂದೆಯ ಪರವಾಗಿ ಯಶವಂತಪುರದಲ್ಲಿ ಕುಳಿತು ತುಂಬುವ ಮಗನಿಗೆ ಎಲ್ಲವೂ ತಿಳಿದಿರಲಾರದು. ಅವನಿಗಾಗಿ ಪ್ರತಿ ಪ್ರಶ್ನೆಗೂ "ಗೊತ್ತಿಲ್ಲ" ಎಂಬ ಉತ್ತರವಿದೆ. ಊಹಿಸಿ ಬರೆದ ಅಂಕಿಗಿಂತ ಅದು ಸಾವಿರ ಪಾಲು ಮೇಲು. ಆದರೂ ಬಟನ್ ಒತ್ತುವ ಮೊದಲು ಅಪ್ಪನಿಗೊಂದು ಫೋನ್ ಮಾಡಿದರೆ ಇನ್ನೂ ಉತ್ತಮ.

ಸದಸ್ಯರೆಲ್ಲರೂ ತಪ್ಪದೆ ಉತ್ತರಿಸಿ, ಅರ್ಥವಾಗದ ಪ್ರಶ್ನೆ ಯಾವುದೆಂಬುದನ್ನೂ ತಿಳಿಸಿ ಸಹಕರಿಸಬೇಕಾಗಿ ವಿನಂತಿ. ಅರ್ಥವಾಗದಿದ್ದರೆ ತಪ್ಪು ಪ್ರಶ್ನೆಯದು, ತಮ್ಮದಲ್ಲ.