ಧನುರ್ಮಾಸದ ಸೈಕಲ್ ಪಂದ್ಯ: ಅಂಕ ಹಾಕೋದು ಹೇಗೆ?

"ನಲವತ್ತು ದಾಟಿದ ಮೇಲೆ ಸೈಕಲ್ ತುಳಿಯೋ ಹುಚ್ಚು ಯಾಕ್ರೀ?" ಅಂತ ನೀವು ಕೇಳಬಹುದು. ನಮ್ಮ ಮನೆಯವರೂ ಇದನ್ನೇ ಕೇಳಿದರು. ನಮ್ಮತ್ತೆಯವರಂತೂ "ಹುಷಾರು ಕಣಮ್ಮ, ಸೀರೆ ಚೈನಿಗೆ ಸಿಕ್ಕೀತು" ಅಂದು ಸುಮ್ಮನಾದರು. ತುಳಿಯೋದು ಅಷ್ಟೇನೂ ಕಷ್ಟವಲ್ಲ, ಸೋದರಿಯರೇ. ಹತ್ತಾರು ಜನ ಸೇರಿ ತುಳಿಯುವಾಗ ಅಂಕ ಹಾಕೋದಿದೆಯಲ್ಲ, ಅದು ಕಷ್ಟ. ನಾನು ಎರಡು ವರ್ಷ ತಪ್ಪು ಮಾಡಿ, ಮೂರನೇ ವರ್ಷಕ್ಕೆ ಕಲಿತೆ. ಆ ತಪ್ಪಿಗೆ ಬೆಲೆ ತೆತ್ತವರು ಮಾತ್ರ ಬೇರೆಯವರು. ಅದನ್ನು ನಿಮಗೆ ಹೇಳಬೇಕು ಅಂತಲೇ ಈ ಲೇಖನ.

ನಮ್ಮದು ಹಾಸನ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ಮಂಜು ಮುಸುಕಿ ಎದುರುಮನೆಯೂ ಕಾಣೋದಿಲ್ಲ. ಕಂಬಳಿ ಬಿಟ್ಟು ಏಳೋದಕ್ಕೇ ಮನಸ್ಸು ಬಾರದು. ಧನುರ್ಮಾಸದ ಹುಗ್ಗಿ ಪ್ರಸಾದಕ್ಕೆ ಹೇಗೂ ಬೇಗ ಏಳ್ತೀವಲ್ಲ, ಆ ಒಂದು ತಿಂಗಳು ಬಡಾವಣೆಯ ಹೆಂಗಸರೆಲ್ಲ ಸೈಕಲ್ ಹೊಡೆಯೋಣ ಅಂತ 2022ರಲ್ಲಿ ಮಾತಾಯಿತು. ಡಿಸೆಂಬರ್ 16ರಿಂದ ಜನವರಿ 14ರವರೆಗೆ 30 ದಿನ. ತಲೆಗೆ ನೂರು ರೂಪಾಯಿ. ಸಂಕ್ರಾಂತಿ ದಿನ ಬಹುಮಾನ. ಲೆಕ್ಕ ಬರೆಯೋ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ವರ್ಷ: ಕಿಲೋಮೀಟರಿಗೆ ಒಂದು ಅಂಕ

ಇದಕ್ಕಿಂತ ಸುಲಭದ ಲೆಕ್ಕ ಇನ್ನೇನಿದೆ ಹೇಳಿ? ಒಂದು ಕಿಲೋಮೀಟರಿಗೆ ಒಂದು ಅಂಕ, ಹೆಚ್ಚು ಹೊಡೆದವರು ಗೆದ್ದರು. ಹದಿನಾಲ್ಕು ಜನ ಹೆಸರು ಕೊಟ್ಟರು. ಪಕ್ಕದ ಬೀದಿಯ ಕಾಲೇಜು ಹುಡುಗಿಯ ಹತ್ತಿರ ಗೇರ್ ಸೈಕಲ್ ಇತ್ತು. ದಿನಕ್ಕೆ ಇಪ್ಪತ್ತು ಕಿಲೋಮೀಟರ್ ಅವಳಿಗೆ ಲೆಕ್ಕಕ್ಕೇ ಇಲ್ಲ. ಎದುರುಮನೆ ಅಕ್ಕನಿಗೆ ಐವತ್ತೆರಡು ವರ್ಷ. 2006-07ರಿಂದ ಹಲವು ವರ್ಷ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುತ್ತಿತ್ತಲ್ಲ, ಮಗಳಿಗೆ ಬಂದಿದ್ದ ಅಂಥದ್ದೇ ಒಂದು ಸೈಕಲ್ಲಿನಲ್ಲಿ ಅಕ್ಕ ಆ ವರ್ಷವೇ ತುಳಿಯೋದು ಕಲಿತಿದ್ದರು. ದಿನಕ್ಕೆ ನಾಲ್ಕು ಕಿಲೋಮೀಟರ್ ಆದರೆ ಅವರಿಗೆ ಹಬ್ಬ.

ಒಂದು ವಾರ ಆಗೋ ಹೊತ್ತಿಗೆ ಹುಡುಗಿಯದು ನೂರು ದಾಟಿತ್ತು, ಅಕ್ಕನದು ಇಪ್ಪತ್ತೆಂಟು. ಕೈಕೂಸಿದ್ದ ಮೂಲೆಮನೆಯವಳದು ಹನ್ನೆರಡು. "ಇನ್ನು ನಾವು ತುಳಿದರೆಷ್ಟು, ಬಿಟ್ಟರೆಷ್ಟು?" ಅಂತ ಒಬ್ಬೊಬ್ಬರೇ ಕಂಬಳಿಯೊಳಕ್ಕೆ ಹೋದರು. ಸಂಕ್ರಾಂತಿಗೆ ಉಳಿದವರು ಐದೇ ಜನ. ಹುಡುಗಿ ಯಾವ ಮೋಸವನ್ನೂ ಮಾಡಲಿಲ್ಲ, ನಿಯಮವೇ ಉಳಿದವರಿಗೆ "ನೀವು ಮನೆಗೆ ಹೋಗಿ" ಅಂದಿತ್ತು.

ಎರಡನೇ ವರ್ಷ: ನನ್ನ ಬುದ್ಧಿವಂತಿಕೆ

2023ರಲ್ಲಿ ನಾನೇ ಹೊಸ ನಿಯಮ ಬರೆದೆ. ದೂರ ಎಷ್ಟಾದರೂ ಆಗಲಿ, ಆಚೆ ಬಂದ ದಿನಕ್ಕೆ ಐದು ಅಂಕ. ಬೆಳಿಗ್ಗೆ ಆರು ಗಂಟೆಯೊಳಗೆ ಹೊರಟವರಿಗೆ ಇನ್ನೂ ಐದು. ಚಳಿಗೆ ಹೆದರದವರಿಗೆ ಒಂದು ಮೆಚ್ಚುಗೆ ಇರಲಿ ಅಂತ ನನ್ನ ಲೆಕ್ಕ. ಎಲ್ಲರೂ ಭೇಷ್ ಅಂದರು. ಈ ಸಲ ಜನವೂ ಉಳಿದರು. ನನಗೆ ಹೆಮ್ಮೆಯೋ ಹೆಮ್ಮೆ.

ಜನವರಿ ಮೊದಲ ವಾರ ಒಂದು ಬೆಳಿಗ್ಗೆ, ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ ಅನ್ನುವಾಗ ಎದುರುಮನೆ ಅಕ್ಕ ಒಬ್ಬರೇ ಹೊರಟರು. ಕತ್ತಲು, ಮೇಲೆ ಮಂಜು. ಸೈಕಲ್ಲಿಗೆ ದೀಪವಿಲ್ಲ. ಹಂಪ್ ಕಾಣದೆ ಹಾರಿ ಚರಂಡಿ ಅಂಚಿಗೆ ಬಿದ್ದರು. ಬಲ ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರ ಪ್ಲಾಸ್ಟರ್.

ನಾನು ಓಡಿ ಹೋದಾಗ ಅವರು ಅಳುತ್ತಿರಲಿಲ್ಲ. ನಗೋ ಹಾಗೆ ಮಾಡಿ, "ಐದು ಅಂಕಕ್ಕೆ ಆಸೆ ಬಿದ್ದೆ ಕಣೇ" ಅಂದರು. ಸಂಕ್ರಾಂತಿಗೆ ಎಳ್ಳು ಬೀರೋಕೆ ಹೋದೆ. ಎಡಗೈ ಚಾಚಲು ಸಂಕೋಚಪಟ್ಟು ಸೆರಗೊಡ್ಡಿ ತಗೊಂಡರು. ಆ ಎಳ್ಳು ಬೆಲ್ಲ ಅವರ ಸೆರಗಿಗೆ ಹಾಕುವಾಗ ನನ್ನ ಕೈ ನಡುಗಿತು. ಅವರ ಜಡೆ ಹಾಕಿದೆ, ಸಾರು ಮಾಡಿ ಕೊಟ್ಟೆ, ಎಲ್ಲ ಸರಿ. ಆದರೆ ಆ ಐದು ಅಂಕ ಬರೆದದ್ದು ನನ್ನ ಕೈ ತಾನೇ?

ಆಮೇಲೆ ಪಂಚಾಂಗ ತೆಗೆದು ನೋಡಿದೆ. ಜನವರಿ ಮೊದಲ ವಾರ ನಮ್ಮೂರಲ್ಲಿ ಸೂರ್ಯ ಹುಟ್ಟೋದು ಸುಮಾರು ಆರೂಮುಕ್ಕಾಲಿಗೆ. ಡಿಸೆಂಬರ್ ಕೊನೆಯಿಂದ ಹಗಲು ಬೆಳೆಯುತ್ತೆ ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ನಿಜ, ಆದರೆ ಅದು ಬೆಳೆಯೋದು ಸಂಜೆಯ ಕಡೆ. ಸೂರ್ಯೋದಯ ಸಂಕ್ರಾಂತಿ ಕಳೆಯುವವರೆಗೂ ದಿನೇದಿನೇ ಇನ್ನೂ ತಡವಾಗುತ್ತಲೇ ಹೋಗುತ್ತೆ. ಅಂದರೆ ನಾನು ಹೆಚ್ಚು ಅಂಕ ಇಟ್ಟದ್ದು ಕತ್ತಲಿಗೆ! ಚಳಿಗೆ ಹೆದರದವರಿಗೆ ಅಂತ ಬರೆದದ್ದು, ಬೀಳೋದಕ್ಕೆ ಹೆದರದವರಿಗೆ ಅಂತ ಆಗಿತ್ತು.

ದೊಡ್ಡವರೂ ತಿದ್ದಿಕೊಂಡಿದ್ದಾರೆ

ಪಂದ್ಯವೇ ಬೇಡ ಅಂತ ನೋಟ್ ಪುಸ್ತಕ ಎತ್ತಿಟ್ಟೆ. ಬೆಂಗಳೂರಲ್ಲಿ ಓದುವ ನನ್ನ ಮಗ ಬಂದಿದ್ದಾಗ, "ಅಮ್ಮ, ಟೂರ್ ಡಿ ಫ್ರಾನ್ಸ್‌ನವರೇ ನಿಯಮ ಬದಲಾಯಿಸಿ ಬದಲಾಯಿಸಿ ಕಲಿತರು, ನಿಂದೇನು" ಅಂದ. ಅವನು ಹೇಳಿದ ಕಥೆ ಕೇಳಿ. ಫ್ರಾನ್ಸಿನ ಆ ದೊಡ್ಡ ಪಂದ್ಯ ಶುರುವಾದದ್ದು 1903ರಲ್ಲಿ. ಒಟ್ಟು ಕಡಿಮೆ ಸಮಯದಲ್ಲಿ ಮುಗಿಸಿದವನು ಗೆದ್ದ. ಮರುವರ್ಷವೇ ಮೋಸದ ದೂರುಗಳು ಎಷ್ಟು ಬಂದವೆಂದರೆ, ಮೊದಲು ಬಂದ ನಾಲ್ವರನ್ನೂ ತೆಗೆದುಹಾಕಿ, ಐದನೆಯವನಾಗಿದ್ದ ಆನ್ರಿ ಕಾರ್ನೆ ಎಂಬ ಹತ್ತೊಂಬತ್ತರ ಹುಡುಗನಿಗೆ ಗೆಲುವು ಕೊಟ್ಟರು. 1905ರಿಂದ 1912ರವರೆಗೆ ಸಮಯ ಬಿಟ್ಟು ಅಂಕ ಎಣಿಸಿದರು. ಎಷ್ಟು ಹೊತ್ತು ಮುಂಚೆ ಬಂದ ಅನ್ನೋದಕ್ಕಿಂತ ಎಷ್ಟನೆಯವನಾಗಿ ಬಂದ ಅನ್ನೋದೇ ಮುಖ್ಯವಾಯಿತು. 1913ರಲ್ಲಿ ಮತ್ತೆ ಸಮಯಕ್ಕೇ ಮರಳಿದರು.

ಇನ್ನೊಂದು ಬಗೆ ಇದೆ. ಬ್ರೆವೆ ಅಂತಾರೆ, ನಮ್ಮ ದೇಶದಲ್ಲೂ ನಡೆಯುತ್ತೆ. 200 ಕಿಲೋಮೀಟರ್ ಅನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ಮುಗಿಸಿದವರೆಲ್ಲ ಗೆದ್ದ ಹಾಗೇ, ಮೊದಲನೆಯವರು, ಎರಡನೆಯವರು ಅಂತ ಇಲ್ಲವೇ ಇಲ್ಲ.

ಇದನ್ನೆಲ್ಲ ಕೇಳಿ ನನಗೆ ಒಂದು ವಿಷಯ ಹೊಳೆಯಿತು. ನಾವು ಯಾವುದಕ್ಕೆ ಅಂಕ ಕೊಡ್ತೀವೋ ಜನ ಅದನ್ನೇ ಮಾಡ್ತಾರೆ. ದೂರಕ್ಕೆ ಕೊಟ್ಟರೆ ದೂರ, ಕತ್ತಲಿಗೆ ಕೊಟ್ಟರೆ ಕತ್ತಲು. ಹಾಗಾದರೆ ನಮಗೆ ಬೇಕಾದದ್ದೇನು? ಎಲ್ಲರೂ ದಿನಾ ಆಚೆ ಬರಬೇಕು, ಎಲ್ಲರೂ ಕೈಕಾಲು ಗಟ್ಟಿಯಾಗಿ ಮನೆಗೆ ಹೋಗಬೇಕು. ಅಂಕ ಅದಕ್ಕೇ ಹೋಗಲಿ.

ಮೂರನೇ ವರ್ಷದ ನಿಯಮ

2024ರ ಡಿಸೆಂಬರಿಗೆ ಮುಂಚೆ ಎಲ್ಲರನ್ನೂ ಅರಳೀಕಟ್ಟೆಯಲ್ಲಿ ಕೂರಿಸಿ, ಓದಿ ಹೇಳಿ, ಸಹಿ ಹಾಕಿಸಿಕೊಂಡೆ. ನಿಮಗೂ ಉಪಯೋಗವಾದೀತು, ಬರೆದುಕೊಳ್ಳಿ.

1. ಎರಡು ಕಿಲೋಮೀಟರಿಗೆ ಕಮ್ಮಿಯಿಲ್ಲದೆ ಹೋಗಿ ಬಂದ ದಿನಕ್ಕೆ 10 ಅಂಕ. ಅದರ ಮೇಲೆ ಕಿಲೋಮೀಟರಿಗೆ 1 ಅಂಕ, ಆದರೆ ಹತ್ತು ಕಿಲೋಮೀಟರಿಗೆ ನಿಲ್ಲಿಸಬೇಕು. ದಿನಕ್ಕೆ ಹೆಚ್ಚೆಂದರೆ 20.

2. ಮೂವತ್ತು ದಿನದಲ್ಲಿ ಚೆನ್ನಾದ 24 ದಿನ ಮಾತ್ರ ಲೆಕ್ಕ. ಆರು ದಿನ ರಜೆ. ಜ್ವರ, ನೆಂಟರು, ಉಪವಾಸ, ಹೊರಗಾದ ದಿನ, ಏನೇ ಇರಲಿ, ಕಾರಣ ಹೇಳಬೇಕಿಲ್ಲ, ಕೇಳಲೂಬಾರದು.

3. ಸೂರ್ಯೋದಯಕ್ಕೆ ಮುಂಚೆ ಹೊರಟರೆ ಆ ದಿನ ಸೊನ್ನೆ. ಮಂಜು ಕವಿದಿದ್ದರೆ ಸಂಜೆ ಹೊತ್ತು ಮುಳುಗೋದರೊಳಗೆ ಹೋಗಿ ಬಂದರೂ ಅಷ್ಟೇ ಅಂಕ. ಬೆಲ್, ಎರಡು ಬ್ರೇಕು, ಹಿಂದೆ ಕೆಂಪು ರಿಫ್ಲೆಕ್ಟರ್ ಇಲ್ಲದ ಸೈಕಲ್ ಲೆಕ್ಕಕ್ಕಿಲ್ಲ.

4. ಬ್ಯಾಟರಿ ಸೈಕಲ್ಲಿನವರಿಗೆ ದಿನದ 10 ಅಂಕ ಉಂಟು, ದೂರದ ಅಂಕ ಇಲ್ಲ. ಏರಿನಲ್ಲಿ ಇಳಿದು ತಳ್ಳಿಕೊಂಡು ಹೋದರೆ ಅದೂ ಸವಾರಿಯೇ. ಪಂಕ್ಚರ್ ಆದರೆ ಇನ್ನೊಬ್ಬರ ಸೈಕಲ್ ತರಬಹುದು.

5. ದೂರದ ಪಟ್ಟಿ ಮೊದಲೇ ಬರೆದಿಡಬೇಕು. ನಮ್ಮಲ್ಲಿ ಅರಳೀಕಟ್ಟೆಯಿಂದ ಹಾಲಿನ ಬೂತಿಗೆ ಹೋಗಿ ಬಂದರೆ 2, ತರಕಾರಿ ಮಾರ್ಕೆಟ್ಟಿಗೆ 5, ಕೆರೆ ಏರಿಗೆ 8. ಇದರಿಂದ ಫೋನಿನಲ್ಲಿ ಅಳೆಯೋಕೆ ಬಾರದವರಿಗೂ ತೊಂದರೆಯಿಲ್ಲ. ಬಾಯಿಮಾತೇ ಸಾಕ್ಷಿ.

6. ನಡುವೆ ನಿಯಮ ಬದಲಾಯಿಸುವಂತಿಲ್ಲ. ಲೆಕ್ಕ ಬರೆಯೋರಿಗೆ ಬಹುಮಾನ ಇಲ್ಲ.

ಹಳೇ ಲೆಕ್ಕವನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹುಡುಗಿ ದಿನಕ್ಕೆ 20 ಕಿಲೋಮೀಟರಿನಂತೆ 18 ದಿನ ಬಂದಳು ಅನ್ನಿ, ಅಕ್ಕ 4 ಕಿಲೋಮೀಟರಿನಂತೆ 24 ದಿನ. ಹಳೇ ಲೆಕ್ಕದಲ್ಲಿ 360ಕ್ಕೆ 96. ಹೊಸದರಲ್ಲಿ ಹುಡುಗಿಗೆ ದಿನಕ್ಕೆ 20ರಂತೆ 360, ಅಕ್ಕನಿಗೆ 14ರಂತೆ 336. ಹುಡುಗಿಯೇ ಮುಂದೆ, ಆದರೆ ಅವಳು ಇನ್ನೆರಡು ದಿನ ತಪ್ಪಿಸಿಕೊಂಡರೆ ಅಕ್ಕ ಮುಂದೆ. ಇಬ್ಬರಿಗೂ ನಾಳೆ ಏಳೋದಕ್ಕೆ ಒಂದು ಕಾರಣ ಸಿಕ್ಕಿತಲ್ಲ!

ಗಟ್ಟಿಯಾಗಿರುವವರಿಗೂ ನ್ಯಾಯ ಬೇಡವೇ?

ಹುಡುಗಿ ಸುಮ್ಮನಿರಲಿಲ್ಲ. "ಆಂಟಿ, ನಾನು ಇಪ್ಪತ್ತು ಹೊಡೆದರೂ ಹತ್ತಕ್ಕೇ ಅಂಕ. ಬಾಕಿ ಹತ್ತು ಏನು ಗಾಳಿಗೆ ಹೋಯ್ತಾ?" ಅಂದಳು. ಅವಳ ಮಾತಲ್ಲಿ ತಪ್ಪಿರಲಿಲ್ಲ. ಚಿಕ್ಕವಳು ಅಂತ ಬಾಯಿ ಮುಚ್ಚಿಸಿದರೆ ಅದೂ ಅನ್ಯಾಯವೇ. ಅವಳಿಗಾಗಿ ಪುಸ್ತಕದ ಕೊನೇ ಹಾಳೆಯಲ್ಲಿ ಬೇರೆ ಪಟ್ಟಿ ತೆಗೆದೆ, ಬರೀ ದೂರದ್ದು. ಅದಕ್ಕೆ ಒಂದು ಸಣ್ಣ ಬಹುಮಾನ ಬೇರೆ. ಎರಡು ಬಗೆಯ ಶಕ್ತಿಯನ್ನು ಒಂದೇ ತಕ್ಕಡಿಯಲ್ಲಿ ತೂಗಲು ಹೋದರೆ ಜಗಳ ತಪ್ಪದು. ಎರಡು ತಕ್ಕಡಿ ಇಟ್ಟರೆ ಮುಗಿಯಿತು.

"ಕಳೆದ ವಾರಕ್ಕಿಂತ ಹೆಚ್ಚು ತುಳಿದವರಿಗೆ ಅಂಕ ಕೊಡೋಣ" ಅಂತಲೂ ಒಬ್ಬರು ಹೇಳಿದ್ದರು. ಕೇಳೋಕೆ ಚೆನ್ನಾಗಿದೆ. ನಿವೃತ್ತ ಟೀಚರಮ್ಮ ತಕ್ಷಣ, "ಹಾಗಾದರೆ ಮೊದಲ ವಾರ ಬೇಕಂತಲೇ ನಿಧಾನ ಮಾಡ್ತಾರೆ, ನೋಡ್ತಿರಿ" ಅಂದರು. ಐವತ್ತು ಮಕ್ಕಳ ಕ್ಲಾಸು ನಡೆಸಿದವರಲ್ಲವೇ! ಆ ನಿಯಮ ಅಲ್ಲೇ ಬಿಟ್ಟೆವು.

ಈ ಸಲ ಹೆಸರು ಕೊಟ್ಟವರು ಹದಿನೇಳು, ಕೊನೆಗೆ ಉಳಿದವರು ಹದಿನೈದು. ಮೊದಲ ಬಹುಮಾನ ಬಂದದ್ದು ಕೈಕೂಸಿನವಳಿಗೆ. ಈಗ ಆ ಮಗು ಅಂಗನವಾಡಿಗೆ ಹೋಗುತ್ತೆ, ಅವಳು ಬಿಟ್ಟು ಬರುತ್ತಾ ತರಕಾರಿ ತರುತ್ತಾಳೆ. ಇಪ್ಪತ್ತು ದಿನ ಮುಗಿಸಿದವರಿಗೆಲ್ಲ ಒಂದೊಂದು ಸ್ಟೀಲ್ ಡಬ್ಬಿ. ದೂರದ ಬಹುಮಾನ ಹುಡುಗಿಗೆ.

ಎದುರುಮನೆ ಅಕ್ಕನ ಮಾತು ಹೇಳಲಿಲ್ಲ ಅಂತೀರಾ? ಮೊದಲ ವಾರ ಅವರು ಬರಲೇ ಇಲ್ಲ. ನಾನೂ ಕರೆಯಲಿಲ್ಲ. ಯಾವ ಮುಖ ಇಟ್ಟುಕೊಂಡು ಕರೀಲಿ? ಎಂಟನೇ ದಿನ ಬಿಸಿಲು ಬಂದ ಮೇಲೆ ಅದೇ ಸರ್ಕಾರಿ ಸೈಕಲ್, ಹಿಂದೆ ಹೊಸ ರಿಫ್ಲೆಕ್ಟರ್, ಕ್ಯಾರಿಯರಿನಲ್ಲಿ ಚೀಲ. "ಏಳು ದಿನ ಹೋಯ್ತು. ಆರು ರಜೆ ಅಂದಿದ್ದೆ, ಒಂದು ಹೆಚ್ಚಾಯ್ತಲ್ಲೇ" ಅಂದರು. ಒಂದು ದಿನದ ಅಂಕ ಕಳೆದೇ ಬರೆದೆ. ಅಕ್ಕ ಬಗ್ಗಿ ನೋಡಿ, "ಸರಿಯಾಗಿದೆ" ಅಂದರು. ಉಳಿದ ಇಪ್ಪತ್ಮೂರು ದಿನವೂ ತಪ್ಪಿಸಲಿಲ್ಲ. ಚಳಿ ಹೆಚ್ಚಾದಾಗ ಮಣಿಕಟ್ಟು ಈಗಲೂ ಸ್ವಲ್ಪ ನೋಯುತ್ತಂತೆ.

ನಿಮ್ಮ ಬೀದಿಯಲ್ಲೂ ಇಂಥದ್ದೊಂದು ಪಂದ್ಯ ಇಟ್ಟುಕೊಳ್ಳಿ. ಸೈಕಲ್ಲೇ ಆಗಬೇಕಂತಿಲ್ಲ, ನಡಿಗೆಯಾದರೂ ಸರಿ, ರಂಗೋಲಿಯಾದರೂ ಸರಿ. ನಿಯಮ ಬರೆದಾದ ಮೇಲೆ, ನಿಮ್ಮ ಪೈಕಿ ಎಲ್ಲರಿಗಿಂತ ನಿಧಾನದವರನ್ನೂ ಎಲ್ಲರಿಗಿಂತ ಆಸೆಯವರನ್ನೂ ಮನಸ್ಸಿಗೆ ತಂದುಕೊಂಡು ಒಮ್ಮೆ ಓದಿ. ನಿಧಾನದವರು ಬಿಟ್ಟು ಹೋಗ್ತಾರಾ? ಆಸೆಯವರು ಬೀಳ್ತಾರಾ? ಎರಡಕ್ಕೂ ಇಲ್ಲ ಅನ್ನಿಸಿದ ಮೇಲೆ ಸಹಿ ಹಾಕಿಸಿ. ಸೀರೆ ಉಟ್ಟರೆ ಸೆರಗು ಸಿಕ್ಕಿಸಿಕೊಳ್ಳೋದು, ಮಫ್ಲರಿನ ತುದಿ ಒಳಗೆ ತೂರಿಸಿಕೊಳ್ಳೋದು ಮಾತ್ರ ಮರೀಬೇಡಿ.